ಎಳೆಯದ ಗಾಡಿ

ಸೋಮವಾರದಿಂದ ಶಿವಲೀಲಾ ಪಕ್ಕದೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕಿತ್ತು. ಅಲ್ಲಿಗೆ ಬಸ್ಸಿಲ್ಲ. ತವರಿನವರು ಕೊಡಿಸಿದ ಸ್ಕೂಟರ್ ಓಡಿಸಲು ಕಲಿಯುವುದೊಂದೇ ದಾರಿ. ಹಿಂದಿನ ಸೀಟಿನಲ್ಲಿ ಕೂತು ಕಲಿಸುತ್ತಿದ್ದವನು ಗಂಡ ಬಸವಂತ.

ಹಿಡಿ ತಿರುವಿದಷ್ಟೂ ಇಂಜಿನ್ ಅರಚುತ್ತಿತ್ತು. ಗಾಡಿ ಮಾತ್ರ ಕೆಸರಿನಲ್ಲಿ ಸಿಕ್ಕ ಎಮ್ಮೆಯಂತೆ ತೆವಳುತ್ತಿತ್ತು. ಸೀಟಿನ ಕೆಳಗಿನಿಂದ ಬಿಸಿಗಾಳಿ ಕಾಲಿಗೆ ಬಡಿಯುತ್ತಿತ್ತು, ಎಲ್ಲಿಂದಲೋ ರಬ್ಬರು ಕಮರಿದ ವಾಸನೆ ಬೇರೆ.

"ಬ್ರೇಕ್ ಹಿಡದಿಯೇನ?" ಎಂದ ಅವನು.

"ಇಲ್ರೀ, ಬಟ್ಟು ಸೈತ ಮುಟ್ಟಿಸಿಲ್ಲ."

"ಹಂಗಾದ್ರ ಯಾಕ ಓಡವಲ್ದು? ಇದು ನಿನ್ನ ಕೈಲೆ ಆಗೂದಲ್ಲ ಬಿಡು. ನೌಕರಿ ಬ್ಯಾಡಂತ ಇವತ್ತ ಫೋನ್ ಮಾಡಿ ಹೇಳಿಬಿಡು."

ಅವಳು ಹಲ್ಲು ಕಚ್ಚಿ ಮತ್ತೊಮ್ಮೆ ತಿರುವಿದಳು. ಗಾಡಿ ಮುಗ್ಗರಿಸಿ ನಿಂತೇಬಿಟ್ಟಿತು.

ಅವಳು ಕೆಳಗಿಳಿದಳು. ಇಂಜಿನ್ನಿಗೆ ಏನಾಗಿದೆಯೋ ಎಂದು ಹಿಂದೆ ಬಂದು ಬಗ್ಗಿದವಳ ಕಣ್ಣು ತಾವು ಬಂದ ದಾರಿಯ ಮೇಲೆ ಬಿತ್ತು.

ಧೂಳಿನಲ್ಲಿ, ಗಾಲಿಯ ಗುರುತಿನ ಎರಡೂ ಬದಿಗೆ, ಮನೆಯ ಬಾಗಿಲಿನಿಂದ ಇಲ್ಲಿಯವರೆಗೆ ಗಂಡನ ಚಪ್ಪಲಿಗಳು ಕೊರೆದ ಎರಡು ಉದ್ದನೆಯ ಗೆರೆಗಳಿದ್ದವು.