ಕೈತುತ್ತು

ಮಗನಿಗೆ ಟೈಫಾಯಿಡ್ ಬಿಟ್ಟು ಇನ್ನೂ ತಿಂಗಳಾಗಿರಲಿಲ್ಲ, ಮಗಳಿಗೆ ಹಿಡಿಯಿತು. ವಾರ್ಡಿಗೆ ಬಂದ ಡಾಕ್ಟರ ಮೇಲೆ ತಾಯಿ ರೇಗಿದಳು.

"ನೀರು ಕುದಿಸದೆ ಕೊಟ್ಟವಳಲ್ಲ. ಪಾನಿಪುರಿ ಗಾಡಿಯವನನ್ನ ಜಗಳ ಆಡಿ ಬೀದಿಯಿಂದಲೇ ಓಡಿಸಿದೆ. ಇಬ್ಬರಿಗೂ ನಾನೇ ಕಲಸಿ ಕೈತುತ್ತು ಹಾಕ್ತೀನಿ, ಬೇರೆಯವರ ಕೈ ತಾಗೋಕೆ ಬಿಡಲ್ಲ. ಎಲ್ಲಿಂದ ಬರುತ್ತೆ ಸಾರ್ ಈ ಕ್ರಿಮಿ?"

"ನಿಮಗೆ ಯಾವತ್ತಾದ್ರೂ ಟೈಫಾಯಿಡ್ ಆಗಿತ್ತಾ?"

"ಮದುವೆಗೆ ಮುಂಚೆ. ಆಮೇಲೆ ಒಂದು ನೆಗಡಿಗೂ ಮಲಗಿದವಳಲ್ಲ."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಕೆಲವರಿಗೆ ಜ್ವರ ಹೋದರೂ ಕ್ರಿಮಿ ಪಿತ್ತಕೋಶದಲ್ಲೇ ಉಳಿದುಬಿಡುತ್ತಮ್ಮ. ಅವರಿಗೆ ಏನೂ ಆಗಲ್ಲ. ಅವರ ಕೈಯಿಂದ ಊಟಕ್ಕೆ ಸೇರಿ ಬೇರೆಯವರಿಗೆ ಹತ್ತುತ್ತೆ. ನಿಮ್ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿದೆವಲ್ಲ, ಕ್ರಿಮಿ ಸಿಕ್ಕಿದ್ದು ನಿಮ್ಮೊಬ್ಬರಲ್ಲೇ."

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಔಷಧಿ ಇದೆ. ಆದರೆ ಅದು ಪೂರ್ತಿ ಹೋಗುವವರೆಗೆ ಮಕ್ಕಳ ಊಟ ಮುಟ್ಟಬೇಡಿ."

ಜ್ವರ ಬಂದಾಗಿನಿಂದ ಏನೂ ತಿನ್ನದ ಮಗಳು ಆಗ ಕಣ್ಣು ಬಿಟ್ಟಳು. ನರ್ಸ್ ತಂದ ಗಂಜಿಯ ಚಮಚವನ್ನು ಪಕ್ಕಕ್ಕೆ ತಳ್ಳಿದಳು.

"ಅಮ್ಮಾ, ಹಸಿವಾಗ್ತಿದೆ, ನಿನ್ನ ಕೈಯಲ್ಲೇ ತಿನ್ನಿಸು" ಎಂದು ಬಾಯಿ ತೆರೆದಳು.