ಕಿವಿ ಗುರುತು

ಚೊಂಬಿನೊಳಗೆ ಕೈ ಹಾಕಿ ಪಾಲಮ್ಮ ಕೊನೆಗೂ ಒಂದು ಚೀಟಿ ಎತ್ತಿದಳು.

“ಬಿಚ್ಚಿ ನೋಡ್ಕ ಅಜ್ಜಿ. ಯಾರ ಹೆಸರು ಬಂದೈತೆ ಅಂತ ಬಾಯಿ ಬಿಡಂಗಿಲ್ಲ. ಕ್ರಿಸ್‌ಮಸ್ ದಿನ ಅವರಿಗೆ ಗಿಫ್ಟ್ ಕೊಡ್ಬೇಕು, ಅಷ್ಟೆ,” ಎಂದಳು ಮೊಮ್ಮಗಳು ದೀಪಾ. ಚಿತ್ರದುರ್ಗದ ಕಾನ್ವೆಂಟಿನಲ್ಲಿ ಐದನೇ ಕ್ಲಾಸು. ಕ್ರಿಸ್‌ಮಸ್ ರಜೆಗೆ ಅಪ್ಪ ಅಮ್ಮನ ಜೊತೆ ಯಲ್ಲದಕೆರೆಗೆ ಬಂದವಳು ಶಾಲೆಯ ಆಟವನ್ನೂ ಹೊತ್ತು ತಂದಿದ್ದಳು. ಮನೆಯಲ್ಲಿ ಐದು ಜನ, ಚೊಂಬಿನಲ್ಲಿ ಐದು ಚೀಟಿ.

ಅವರೆಕಾಯಿ ಸುಲಿಯುತ್ತಿದ್ದ ಸೊಸೆ ರಂಜಿತಾ ತಲೆಯೆತ್ತಿದಳು. ಹೈಸ್ಕೂಲ್ ಟೀಚರ್ ಅವಳು. “ಇಲ್ಲಿ ಕೊಡ್ರಿ ಅತ್ತೆ, ಕಿವಿಯಾಗೆ ಹೇಳ್ತೀನಿ.”

“ಅಮ್ಮಾ, ಮೋಸ! ಅಜ್ಜಿ ಚೀಟಿ ಅಜ್ಜಿನೇ ಓದ್ಬೇಕು.”

ಅಜ್ಜಿಗೆ ಓದು ಬಾರದು ಎಂಬುದು ಆ ಹುಡುಗಿಯ ತಲೆಗೇ ಹೊಳೆದಿರಲಿಲ್ಲ. ಅದನ್ನು ಹೇಳಿ ಆಟದಿಂದ ಎದ್ದು ಹೋಗಲು ಪಾಲಮ್ಮನಿಗೆ ಮನಸ್ಸಾಗಲಿಲ್ಲ. ಮಿಕ್ಕವರು ಎಷ್ಟು ಹೊತ್ತು ನೋಡಿದ್ದರೋ ಅಷ್ಟೇ ಹೊತ್ತು ಚೀಟಿಯನ್ನು ನೋಡಿದಳು. ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ನೀನು ಹೇಳಿಕೊಟ್ರೆ ಗುಟ್ಟು ಎಲ್ಲಿ ಉಳೀತತೆ ರಂಜಿತಾ?” ಎಂದು ನಕ್ಕಳು.

“ನನ್ನ ಹೆಸರು ಬಂದಿದ್ರೆ ಒಂದು ಕಟ್ಟು ಬೀಡಿ ಸಾಕು ಕಣೇ,” ಎಂದ ಗಂಡ ಕಾಟಲಿಂಗಪ್ಪ, ಬೆಂಕಿಗೆ ಕೈ ಕಾಯಿಸುತ್ತ.

ಮೂರು ದಿನ ಆ ಗಂಟು ಪಾಲಮ್ಮನನ್ನು ಕೂರಲು ಬಿಡಲಿಲ್ಲ. ಯಾರೂ ಇಲ್ಲದಾಗ ರೇಷನ್ ಕಾರ್ಡ್ ತೆಗೆದು ಅದರ ಪಕ್ಕ ಚೀಟಿ ಇಟ್ಟು ನೋಡಿದಳು. ರೇಷನ್ ಅಂಗಡಿಯವನು ಅದರಲ್ಲಿನ ಹೆಸರು ಕೂಗುವ ಸಾಲು ಅವಳಿಗೆ ಗೊತ್ತು. ಮೊದಲು ತಾನು, ಆಮೇಲೆ ಗಂಡ, ಮೂರನೆಯವನು ಮಗ ಜುಂಜೇಶ್. ಅಲ್ಲಿ ಅಚ್ಚಿನ ಅಕ್ಷರ, ಇಲ್ಲಿ ಮಗುವಿನ ಕೈಬರಹ. ಆದರೂ ಮೂರನೇ ಸಾಲಿನ ಕೊಕ್ಕೆಯಂಥದೊಂದು ಗೆರೆ ಚೀಟಿಯಲ್ಲೂ ಇದ್ದಂತೆ ಕಂಡಿತು. ಅಷ್ಟೇ ಸಾಕಾಯಿತು. ಹಳೇ ಕಂಬಳಿ ಕತ್ತರಿಸಿ, ಚಳಿಯಲ್ಲಿ ಓಡಾಡುವ ಮಗನ ಬೈಕಿನ ಸೀಟಿಗೆ ಬೆಚ್ಚಗಿನ ಹೊದಿಕೆ ಹೊಲಿದಳು.

ಕ್ರಿಸ್‌ಮಸ್ ದಿನ ಬೆಳಗ್ಗೆ ಅಂಗಳದಲ್ಲಿ ನಗುವೋ ನಗು. ದೀಪಾ ತಾತನಿಗೆ ಮಫ್ಲರ್ ಸುತ್ತಿದಳು. ಜುಂಜೇಶ್ ಹೆಂಡತಿಗೆ ಕಿವಿಯೋಲೆ ಕೊಟ್ಟ. ರಂಜಿತಾ ಅತ್ತೆಗೆ ಸ್ವೆಟರ್ ತೊಡಿಸಿದಳು. ಕಾಟಲಿಂಗಪ್ಪ ಮಗನಿಗೆ ಕೈಗವಸು ಕೊಟ್ಟ ಮೇಲೆ ಪಾಲಮ್ಮನೂ ಮಗನ ಮುಂದೆಯೇ ಹೊದಿಕೆ ಹಿಡಿದಳು.

“ಅಪ್ಪಂಗೆ ಎರಡಾಯ್ತಲ್ಲ!” ದೀಪಾ ಬೆರಳು ಮಡಿಸಿ ಎಣಿಸಿದಳು. ತನ್ನ ಕೈ ಮಾತ್ರ ಖಾಲಿ. “ಅಜ್ಜಿ, ಚೀಟಿ ತೋರ್ಸು.”

ಪಾಲಮ್ಮ ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು.

“ಇದು ನನ್ನ ಹೆಸರು...” ಹುಡುಗಿಯ ತುಟಿ ಅದುರಿತು. “ದೀಪಾ ಅಂತ ನಾನೇ ಬರ್ದಿದ್ದೆ. ನಂಗ್ಯಾಕೆ ಕೊಡ್ಲಿಲ್ಲ?”

ಪಾಲಮ್ಮ ಎದ್ದು ಹಿತ್ತಲಿನ ಕುರಿ ರೊಪ್ಪಕ್ಕೆ ನಡೆದಳು. ಸ್ವಲ್ಪ ಹೊತ್ತಿಗೆ ಬೇಲಿಯ ಪಕ್ಕ ದೀಪಾ ಬಂದು ನಿಂತಳು.

“ನಂಗೆ ಓದಾಕೆ ಬರಲ್ಲ ಮಗಾ,” ಎಂದಳು ಪಾಲಮ್ಮ, ತಿರುಗದೆಯೇ. “ಮೂರು ದಿನ ನಿನ್ನ ಹೆಸರು ನನ್ನ ಸೆರಗಿನಾಗೇ ಇತ್ತು. ನಂಗೇ ಗೊತ್ತಾಗ್ಲಿಲ್ಲ ನೋಡು.”

ದೀಪಾ ಬೇಲಿ ದಾಟಿ ಒಳಗೆ ಬಂದಳು. ಅಷ್ಟರಲ್ಲಿ ಪಾಲಮ್ಮ ಗುಂಪಿನೊಳಗೆ ನುಗ್ಗಿ ಒಂದು ಕುರಿಯ ಕಿವಿ ಹಿಡಿದು ಎಳೆದಳು. “ಏಯ್, ನೀನ್ಯಾಕೆ ಇಲ್ಲಿ? ಪಕ್ಕದ್ಮನೆ ತಿಪ್ಪಯ್ಯನ ಕುರಿ ಇದು. ರಾತ್ರಿ ನಮ್ಮವುಗಳ ಜೊತೆ ಸೇರ್ಕಂಡು ಬಂದ್ಬಿಟ್ಟೈತೆ.”

“ಎಲ್ಲಾ ಒಂದೇ ಥರ ಅವೆ. ಹೆಂಗೆ ಗೊತ್ತಾತು?”

“ಕಿವಿ ಮುಟ್ಟಿ ನೋಡು. ತುದಿ ಸೀಳಿದ್ರೆ ತಿಪ್ಪಯ್ಯಂದು. ಪಕ್ಕದಾಗೆ ಕತ್ತರಿಸಿದ ಒಂದು ಕಚ್ಚು ಇದ್ರೆ ನಮ್ದು. ಎರಡು ಕಚ್ಚು ಇದ್ರೆ ಸಣ್ಣಪ್ಪಂದು. ಮರಿ ಇದ್ದಾಗ್ಲೇ ಹಿಂಗೆ ಗುರುತು ಹಾಕ್ತಾರೆ.”

ದೀಪಾ ಒಂದು ಕಿವಿ ಸವರಿದಳು, ಇನ್ನೊಂದು ಸವರಿದಳು. ಕಣ್ಣು ಮುಚ್ಚಿ ಮತ್ತೊಂದು. “ಸಣ್ಣಪ್ಪಂದು!” ಎಂದು ಕಿರುಚಿದಳು.

“ಅದು ಕುರಿ ಬಾಯಾಗಿನ ಸೊಪ್ಪು ಕಣೇ, ಕಿವಿ ಇಲ್ಲೈತೆ!” ಪಾಲಮ್ಮನಿಗೆ ನಗು ತಡೆಯಲಾಗಲಿಲ್ಲ.

ಆ ಸಂಜೆಯೇ ಹೊಸ ವರ್ಷದ ಗಿಫ್ಟಿಗೆಂದು ಮತ್ತೆ ಚೊಂಬು ಬಂತು. ಈ ಸಲ ಅಜ್ಜಿ, ಮೊಮ್ಮಗಳು ಇಬ್ಬರೂ ಕತ್ತರಿ ಹಿಡಿದು ಕೂತು ರಟ್ಟಿನ ಚೀಟಿ ಮಾಡಿದ್ದರು. ಒಂದರಲ್ಲೂ ಅಕ್ಷರವಿಲ್ಲ. ತಾತನ ಚೀಟಿಗೆ ತುದಿ ಸೀಳು, ಅಪ್ಪನದಕ್ಕೆ ಒಂದು ಕಚ್ಚು, ಅಮ್ಮನದಕ್ಕೆ ನಡುವೆ ತೂತು, ದೀಪಾಳದಕ್ಕೆ ಎರಡು ಕಚ್ಚು, ಅಜ್ಜಿಯದಕ್ಕೆ ಮೂಲೆ ಮೊಂಡು. ಯಾವ ಗುರುತು ಯಾರದೆಂದು ಪಾಲಮ್ಮ ಎಲ್ಲರಿಗೂ ಒಂದೇ ಒಂದು ಸಲ ಹೇಳಿದಳು. ಆಮೇಲೆ ಚೊಂಬಿಗೆ ಕೈ ಹಾಕಿ, ಮುಷ್ಟಿಯೊಳಗೇ ಚೀಟಿಯನ್ನು ಸವರಿ, ಮೊದಲ ಬಾರಿಗೆ ನಿಜವಾದ ಗುಟ್ಟೊಂದನ್ನು ಸೆರಗಿಗೆ ಕಟ್ಟಿಕೊಂಡಳು.

ಮರುದಿನ ಬೆಳಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಒಲೆಯ ಮುಂದೆ ಕೂತಿದ್ದ ಪಾಲಮ್ಮನ ಬಳಿಗೆ ರಂಜಿತಾ ಮೆಲ್ಲಗೆ ಬಂದಳು. ಆಚೀಚೆ ನೋಡಿ, ಬಿಗಿಹಿಡಿದ ಮುಷ್ಟಿಯನ್ನು ಒಂದಿಷ್ಟೇ ಸಡಿಲಿಸಿದಳು.

“ಅತ್ತೆ... ಇದು ಯಾರ್ದು ಅಂತ ಮರ್ತೇಬಿಟ್ಟೆ. ಯಾರಿಗೂ ಹೇಳ್ಬೇಡ್ರಿ. ಒಂಚೂರು ಕಿವಿಯಾಗೆ ಹೇಳ್ರಿ.”

ಪಾಲಮ್ಮ ಸೊಸೆಯ ಕಿವಿಯವರೆಗೂ ಬಾಯಿ ತಂದಳು. ಏನೋ ನೆನಪಾಗಿ ಹಿಂದೆ ಸರಿದಳು. ಸ್ವೆಟರಿನ ತೋಳು ಮೇಲೇರಿಸಿ ಎದ್ದು ನಿಂತಳು.

“ನಾನು ಹೇಳಿಕೊಟ್ರೆ ಗುಟ್ಟು ಎಲ್ಲಿ ಉಳೀತತೆ? ಬಾ, ರೊಪ್ಪಕ್ಕೆ ಹೋಗಾಣ. ಓದಾಕೆ ಕಲಿಸ್ತೀನಿ.”