ಮಗ್ಗುಲ ಜಾಗ

ಮಣ್ಣು ಕೊಚ್ಚಿ ಹೋಗದಂತೆ ಹೊಲಕ್ಕೊಂದು ಯೋಜನೆ ಬರೆಯಲು ಸರ್ಕಾರದ ಪರವಾಗಿ ಬಂದಿದ್ದ ಖಾಸಗಿ ಕಂಪನಿಯವನು, ಟ್ಯಾಬಿನ ಮೇಲೆ ಬೆರಳಾಡಿಸಿ ಬೇವಿನ ಮರದಾಚೆಯ ತಗ್ಗು ತೋರಿಸಿದ. "ಯವ್ವಾ, ಕೃಷಿ ಹೊಂಡ ಇಲ್ಲೇ ಬರ್ತೈತಿ."

ಹೊಲದೊಡತಿ ಗುರುಬಸವ್ವ ಅವನಿಗೆ ಅಡ್ಡ ಬಂದು ನಿಂತಳು. "ಅಲ್ಲಿ ನಮ್ಮ ಮನಿಯವರನ್ನ ಮಣ್ಣು ಮಾಡೇವ್ರಿ. ಮಗ್ಗುಲದಾಗಿನ ಜಾಗಾ ನನಗಂತ ಬಿಟ್ಟೀನಿ. ಗುದ್ದಲಿ ಹಚ್ಚಬ್ಯಾಡ್ರಿ ಸಾಹೇಬ್ರ."

"ಸಮಾಧಿ ಅಂತ ಬರಿಯಾಕ ಈ ಸಾಫ್ಟ್‌ವೇರಿನ್ಯಾಗ ಜಾಗಾ ಇಲ್ಲ. ಸ್ಮಶಾನ ಅಂತ ಐತಿ. ಅದನ್ನ ಒತ್ತಿದ್ರ ಯಾರೂ ಹೊಂಡ ತೋಡಂಗಿಲ್ಲ."

"ಅದನ್ನ ಒತ್ರಿ ನನ್ನಪ್ಪಾ, ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ಅವನು ಒತ್ತಿದ. ಯೋಜನೆ ನಿಂತ ನಿಲುವಿನಲ್ಲೇ ಸರ್ಕಾರದ ದಾಖಲೆ ಸೇರಿತು. ಗುರುಬಸವ್ವ ಅವನಿಗೆ ತಂಬಿಗೆ ತುಂಬ ಮಜ್ಜಿಗೆ ಕುಡಿಸಿ ಕಳಿಸಿದಳು.

ಮೂರು ತಿಂಗಳ ಮೇಲೆ ಒಂದು ಮುಂಜಾನೆ ಅವಳು ಹೊಲಕ್ಕೆ ಬಂದರೆ, ಬೇವಿನ ಮರದಾಚೆ ಊರೇ ನೆರೆದಿತ್ತು. ಹೊಸ ಮಣ್ಣಿನ ಗುಡ್ಡೆ ಕಾಣುತ್ತಿತ್ತು.

"ಹೊಂಡ ಬ್ಯಾಡಂತ ಬರಿಸೀನ್ರೋ!" ಎಂದು ಚೀರುತ್ತ ಓಡಿದಳು.

ಪಂಚಾಯ್ತಿ ಮೆಂಬರು ಎದುರು ಬಂದು ಕೈಮುಗಿದ. "ಹೊಂಡ ಅಲ್ಲ ಯವ್ವಾ. ಇಷ್ಟು ವರ್ಷ ನಮ್ಮೂರಿಗೆ ಸ್ಮಶಾನ ಇರಲಿಲ್ಲ. ಈಗ ಸರ್ಕಾರದ ದಾಖಲೆದಾಗ ನಿನ್ನ ಹೊಲಾನ ಬಂದೈತಿ."

ಅವನ ಬೆನ್ನ ಹಿಂದೆ, ಅವಳ ಗಂಡನ ಮಗ್ಗುಲಿಗೆ, ಊರಿನ ಮೊದಲ ಹೆಣ ಇಳಿಯುತ್ತಿತ್ತು.